ಬೊಮ್ಮನ ಹೆಸರು ಓದೋಕೆ ಯಾವ ಭಾಷೆ ಬೇಕು?

ದೆಹಲಿಯಲ್ಲಿ ನಾವಿರುವ ಜನಕಪುರಿಯಿಂದ ಮೆಟ್ರೋದ ಮೆಜೆಂಟಾ ಲೈನ್ ಹಿಡಿದರೆ ಮುನಿರ್ಕಾದಲ್ಲಿ ಇಳಿದು ಜೆಎನ್‌ಯುಗೆ ಹೋಗಬಹುದು. ಇಳಿಯದೆ ಕೂತರೆ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಅಂತಲೇ ಹೆಸರಿರುವ ಸ್ಟೇಶನ್ ಬರುತ್ತದೆ. ಎರಡೂ ಕಡೆ ಅರಬ್ಬಿ ಭಾಷೆಯ ಜೊತೆಗೆ ಅರಬ್ ದೇಶಗಳ ಇತಿಹಾಸ, ರಾಜಕೀಯ, ಸಂಸ್ಕೃತಿ ಓದುವ ವ್ಯವಸ್ಥೆ ಇದೆ. ಇದನ್ನು ಹೇಳಿದರೆ ನಮ್ಮವರು ಕೇಳೋದು ಒಂದೇ ಮಾತು: "ಓದಿ ಏನಾಗ್ತಾನೆ? ಮೌಲ್ವಿನಾ, ಇಲ್ಲ ದುಬೈಗೆ ಹೋಗ್ತಾನಾ?"

ಎರಡೂ ಗೌರವದ ದಾರಿಗಳೇ. ಆದರೆ ಮೂರನೆಯದೊಂದಿದೆ, ಅದು ನಮ್ಮ ಕರಾವಳಿಗೇ ಬಂದು ಮುಟ್ಟುತ್ತದೆ.

12ನೇ ಶತಮಾನದಲ್ಲಿ ಅಬ್ರಹಾಂ ಬಿನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿದ್ದ. ಹುಟ್ಟೂರು ಇಂದಿನ ಟ್ಯುನೀಷಿಯಾದಲ್ಲಿ. 1132ರ ಹೊತ್ತಿಗೆ ಇಲ್ಲಿದ್ದು, 1149ರಲ್ಲಿ ಏಡನ್‌ಗೆ ಮರಳಿದ. ಏಡನ್‌ನ ಗೆಳೆಯರು ಅವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಕಳಿಸುತ್ತಿದ್ದರು. ಇಲ್ಲಿಂದ ಕಾಳುಮೆಣಸು, ಅಡಿಕೆ, ಕಬ್ಬಿಣ ಹೋಗುತ್ತಿತ್ತು. ಅವರ ಪತ್ರಗಳು ಕೈರೋದ ಒಂದು ಹಳೆಯ ಸಿನಗಾಗ್‌ನ ಕೋಣೆಯಲ್ಲಿ ನೂರಾರು ವರ್ಷ ಬಿದ್ದಿದ್ದವು. 1896-97ರಲ್ಲಿ ಆ ಕೋಣೆಯ ಹಾಳೆಗಳ ದೊಡ್ಡ ಪಾಲು ಕೇಂಬ್ರಿಡ್ಜ್‌ಗೆ ಹೋಯಿತು. ಭಾಷೆ ಅರಬ್ಬಿ, ಆದರೆ ಬರೆದದ್ದು ಹೀಬ್ರೂ ಲಿಪಿಯಲ್ಲಿ.

ಆ ಪತ್ರಗಳಲ್ಲಿ ಬಿನ್ ಯಿಜುವಿನ ಒಬ್ಬ ಗುಲಾಮ ಬರುತ್ತಾನೆ. ಗುಲಾಮ ಅಂದ ಕೂಡಲೇ ಸರಪಳಿ ನೆನೆಯಬೇಡಿ. ಇವನು ಧಣಿಯ ಪರವಾಗಿ ಏಡನ್‌ಗೆ ಹೋಗಿ ಲೆಕ್ಕ ಚುಕ್ತಾ ಮಾಡಿ ಬರುತ್ತಿದ್ದ ಏಜೆಂಟ್. 1148ರ ಒಂದು ಪತ್ರದಲ್ಲಿ ಏಡನ್‌ನ ವ್ಯಾಪಾರಿ ಅವನಿಗೂ ಸಲಾಂ ತಿಳಿಸಿದ್ದಾನೆ. ಹೆಸರೇನು? ಅರಬ್ಬಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಈ ಪತ್ರಗಳಲ್ಲೂ ಹಾಗೇ. ಉಳಿದದ್ದು ಬ, ಮ, ಕೊನೆಗೊಂದು ಅಕ್ಷರ. ಈ ಪತ್ರಗಳನ್ನು ದಶಕಗಟ್ಟಲೆ ಓದಿದ ಮಹಾ ವಿದ್ವಾಂಸ ಗೊಯ್ಟೈನ್ ಅದನ್ನು "ಬಾಮ" ಎಂದು ಓದಿದರು. ಮುಂದೆ ಅಮಿತಾವ್ ಘೋಷ್, ಈಜಿಪ್ಟಿನ ಹಳ್ಳಿಯಲ್ಲಿದ್ದು ಅರಬ್ಬಿ ಕಲಿತವರು, ಇದೇ ಹೆಸರಿನ ಬೆನ್ನು ಹತ್ತಿ ಮಂಗಳೂರಿಗೆ ಬಂದರು. ತುಳು ಜಾನಪದ ಬಲ್ಲ ಬಿ.ಎ. ವಿವೇಕ ರೈ ಅವರನ್ನು ಕೇಳಿದಾಗ ಉತ್ತರ ಸಿಕ್ಕಿತು: ಬೊಮ್ಮ. ಘೋಷ್ ಅವರ ಪುಸ್ತಕ ಬಂದದ್ದು 1992ರಲ್ಲಿ.

ನೋಡಿ, ನಮ್ಮೂರಿನ ಒಂದು ಹೆಸರು ಸರಿಯಾಗಿ ಓದೋಕೆ ಎಂಟು ಶತಮಾನ ಹಿಡಿಯಿತು. ಅರಬ್ಬಿ ಗೊತ್ತಿದ್ದವರಿಗೆ ತುಳುನಾಡು ಗೊತ್ತಿರಲಿಲ್ಲ, ತುಳುನಾಡಿನವರಿಗೆ ಆ ಕಾಗದ ಗೊತ್ತಿರಲಿಲ್ಲ. ಮನೆಯಲ್ಲಿ ಬ್ಯಾರಿ ಭಾಷೆ, ಶಾಲೆಯಲ್ಲಿ ಕನ್ನಡ, ಮದರಸಾದಲ್ಲಿ ಅರಬ್ಬಿ ಅಕ್ಷರ ಕಲಿತ ಹುಡುಗಿಗೆ ಅರ್ಧ ದಾರಿ ಆಗಲೇ ಮುಗಿದಿರುತ್ತದೆ, ಅಲ್ವಾ? ಅವಳನ್ನು ಬಿ.ಕಾಂ.ಗೆ ಕಳಿಸಿ ನಾವು ಕೈ ತೊಳೆದುಕೊಳ್ಳುತ್ತೇವೆ.

ಇಬ್ನ್ ಬತೂತಾ ದೆಹಲಿಯಲ್ಲಿ ಮುಹಮ್ಮದ್ ಬಿನ್ ತುಘಲಕನ ಕಾಜಿಯಾಗಿದ್ದವನು, 1342ರಲ್ಲಿ ಇಲ್ಲಿಂದ ಹೊರಟು ನಮ್ಮ ಕರಾವಳಿಗೆ ಬಂದ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಇದ್ದವು, ಹೆಂಗಸರು ಹೊಲಿದ ಬಟ್ಟೆ ಉಡುತ್ತಿರಲಿಲ್ಲ, ಆದರೂ ಕುರ್‌ಆನ್ ಬಾಯಿಪಾಠ ಇತ್ತು ಎಂದು ಹೇಳುತ್ತಾನೆ. ಮಂಗಳೂರಿನಲ್ಲಿ ಸುಮಾರು 4,000 ಮುಸ್ಲಿಮರು, ಕಾಜಿ ಶಾಫಿ ಮಝ್‌ಹಬಿನವರು. ನಮ್ಮ ಬಯಲುಸೀಮೆಯ ಉರ್ದು ಮನೆಗಳು ಬಹುತೇಕ ಹನಫಿ, ಬ್ಯಾರಿ ಮತ್ತು ನವಾಯತರು ಶಾಫಿ ಯಾಕೆ ಅಂತ ಮಕ್ಕಳು ಕೇಳ್ತಾರೆ. ಉತ್ತರ ಯಮನ್ ಕಡೆಯ ಆ ಹಡಗುಗಳಲ್ಲಿದೆ. ಹಾಗಂತ ಬತೂತಾ ಹೇಳಿದ್ದೆಲ್ಲ ಸತ್ಯ ಅಂತ ತಲೆಯಾಡಿಸಬಾರದು. ಅವನು ಊರಿಗೆ ಮರಳಿದ ಮೇಲೆ ನೆನಪಿನಿಂದ ಹೇಳಿಸಿ ಬರೆಸಿದ್ದು ಅದು. ಹೀಗೆ ಅನುಮಾನಿಸಿ ಓದುವುದನ್ನು ಕಲಿಸೋದೇ ವಿಶ್ವವಿದ್ಯಾಲಯದ ಕೆಲಸ.

ರಾಜಕೀಯದ ಮಾತು ಚಿಕ್ಕದು. 1955ರಲ್ಲಿ ಇದೇ ದೆಹಲಿಯ ಸಪ್ರು ಹೌಸ್‌ನಲ್ಲಿ ಅಂತರರಾಷ್ಟ್ರೀಯ ಅಧ್ಯಯನದ ಸಂಸ್ಥೆ ಶುರುವಾಯಿತು, 1970ರಲ್ಲಿ ಜೆಎನ್‌ಯು ಸೇರಿತು. ಅಲ್ಲಿ "ಮಧ್ಯಪ್ರಾಚ್ಯ" ಅನ್ನೋದಿಲ್ಲ, "ಪಶ್ಚಿಮ ಏಷ್ಯಾ" ಅನ್ನುತ್ತಾರೆ. ಲಂಡನ್‌ನಲ್ಲಿ ನಿಂತವರಿಗೆ ಅದು ಪೂರ್ವ. ಮಂಗಳೂರಿನ ದಕ್ಕೆಯಲ್ಲಿ ನಿಂತ ಬೊಮ್ಮನಿಗೆ ಏಡನ್ ಇದ್ದದ್ದು ಪಶ್ಚಿಮಕ್ಕೇ.

ಕೇಂಬ್ರಿಡ್ಜ್‌ನವರು ಆ ಕೈರೋ ಹಾಳೆಗಳ ಫೋಟೋಗಳನ್ನು ಇಂಟರ್ನೆಟ್ಟಿನಲ್ಲಿ ಇಟ್ಟಿದ್ದಾರೆ. ಮೊಬೈಲಿನಲ್ಲೇ ತೆರೆದು ನೋಡಬಹುದು.