ಪ್ರಯೋಗಶಾಲೆಯ ಕೋತಿ ಮತ್ತು ನಮ್ಮ ಕಾನೂನು



ನಿಮ್ಮ ರಕ್ತದ ಗುಂಪು ಯಾವುದೆಂದು ಕೇಳಿದರೆ ‘ಓ ಪಾಸಿಟಿವ್’ ಎಂದೋ ‘ಬಿ ನೆಗೆಟಿವ್’ ಎಂದೋ ಥಟ್ಟನೆ ಹೇಳುತ್ತೀರಿ. ಈ ಪಾಸಿಟಿವ್, ನೆಗೆಟಿವ್‌ಗಳ ಹಿಂದೆ ‘ಆರ್‌ಎಚ್’ ಎಂಬ ಎರಡು ಅಕ್ಷರಗಳಿವೆ. ಅವು ಬಂದದ್ದು ರೀಸಸ್ ಎಂಬ ಕೋತಿಯ ಹೆಸರಿನಿಂದ. 1940ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ಎಂಬ ವಿಜ್ಞಾನಿಗಳು ಆ ಕೋತಿಯ ರಕ್ತವನ್ನು ಬಳಸಿ ನಡೆಸಿದ ಪ್ರಯೋಗಗಳೇ ಈ ಹೆಸರಿಗೆ ಕಾರಣ.

ರೀಸಸ್ ಉತ್ತರ ಭಾರತದ ಕೋತಿ. ಜಯನಗರ, ಜೆ.ಪಿ. ನಗರ, ಬನಶಂಕರಿಯ ತಾರಸಿಗಳ ಮೇಲೆ ನೀವು ಕಾಣುವುದು ಅದರ ದಕ್ಷಿಣದ ಬಂಧುವನ್ನು. ನೆತ್ತಿಯ ಮೇಲೆ ಟೋಪಿಯಂತೆ ಕೂದಲು ಹರಡಿಕೊಂಡಿರುವ ಇದಕ್ಕೆ ಬಾನೆಟ್ ಕೋತಿ ಎಂದು ಹೆಸರು. ಮನುಷ್ಯನ ಆರೋಗ್ಯಕ್ಕಾಗಿ ಇವೆರಡೂ ದೊಡ್ಡ ಬೆಲೆ ತೆತ್ತಿವೆ. ಪ್ರತಿಯಾಗಿ ನಾವು ಅವಕ್ಕೆ ಕೊಟ್ಟದ್ದೇನು ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ನೋಡೋಣ.

ಇಪ್ಪತ್ತನೆಯ ಶತಮಾನದ ನಡುವಿನ ದಶಕಗಳಲ್ಲಿ ಪೋಲಿಯೊ ರೋಗ ಮಕ್ಕಳ ಕೈಕಾಲುಗಳನ್ನು ಕಸಿದುಕೊಳ್ಳುತ್ತಿತ್ತು. 1955ರಲ್ಲಿ ಜೋನಾಸ್ ಸಾಲ್ಕ್ ಅವರ ಲಸಿಕೆ ಬಳಕೆಗೆ ಬಂದಿತು. ಅದಕ್ಕೆ ಬೇಕಾದ ವೈರಸ್ಸನ್ನು ಕೋತಿಯ ಮೂತ್ರಪಿಂಡದ ಜೀವಕೋಶಗಳಲ್ಲಿ ಬೆಳೆಸುತ್ತಿದ್ದರು. ಹೀಗಾಗಿ ಭಾರತದ ಕೋತಿಗಳಿಗೆ ಎಲ್ಲಿಲ್ಲದ ಬೇಡಿಕೆ ಹುಟ್ಟಿತು. ಆ ದಶಕದಲ್ಲಿ ಕೆಲವು ವರ್ಷ ಲಕ್ಷಕ್ಕೂ ಮೀರಿ ಕೋತಿಗಳು ಪಂಜರಗಳಲ್ಲಿ ತುಂಬಿ ಹೊರದೇಶಗಳಿಗೆ ಹೋದವು. ಆ ಲಸಿಕೆಯಿಂದ ಅಸಂಖ್ಯ ಮಕ್ಕಳು ಉಳಿದರು ಎಂಬುದು ನಿಜ. ದಾರಿಯಲ್ಲೇ ಎಷ್ಟೋ ಕೋತಿಗಳು ಸತ್ತವು ಎಂಬುದೂ ಅಷ್ಟೇ ನಿಜ.

1955ರ ಜನವರಿಯಲ್ಲಿ ಲಂಡನ್ ವಿಮಾನ ನಿಲ್ದಾಣದಲ್ಲಿ ಸುಮಾರು 400 ಭಾರತೀಯ ಕೋತಿಗಳು ಗಾಳಿಯಿಲ್ಲದೆ ಉಸಿರುಕಟ್ಟಿ ಸತ್ತವು. ಸುದ್ದಿ ತಿಳಿದು ದೇಶದಲ್ಲಿ ಆಕ್ರೋಶ ಎದ್ದಿತು. ಭಾರತ ಸರ್ಕಾರ ರಫ್ತನ್ನು ಕೆಲಕಾಲ ನಿಲ್ಲಿಸಿತು. ಲಸಿಕೆಯ ತುರ್ತನ್ನು ಮನಗಂಡು ಮತ್ತೆ ಅನುಮತಿ ಕೊಟ್ಟಾಗ, ವೈದ್ಯಕೀಯ ಸಂಶೋಧನೆ ಮತ್ತು ಲಸಿಕೆ ತಯಾರಿಕೆಗೆ ಮಾತ್ರ ಬಳಸಬೇಕು ಎಂಬ ಷರತ್ತು ಹಾಕಿತು.

ಇದೇ ಕಾಲದಲ್ಲಿ, ನೃತ್ಯಕಲಾವಿದೆಯೂ ರಾಜ್ಯಸಭೆಯ ಸದಸ್ಯೆಯೂ ಆಗಿದ್ದ ರುಕ್ಮಿಣೀದೇವಿ ಅರುಂಡೇಲ್ ಪ್ರಾಣಿಗಳ ಪರವಾಗಿ ಖಾಸಗಿ ಮಸೂದೆಯೊಂದನ್ನು ಮಂಡಿಸಿದ್ದರು. ಪ್ರಧಾನಿ ನೆಹರೂ ಸರ್ಕಾರವೇ ಮಸೂದೆ ತರುವ ಭರವಸೆಯಿತ್ತರು. ಹೀಗೆ ಬಂದದ್ದು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960. ಈ ಕಾಯ್ದೆ ಪ್ರಯೋಗಗಳನ್ನು ನಿಷೇಧಿಸಲಿಲ್ಲ, ಆದರೆ ಅವುಗಳ ಮೇಲೆ ನಿಗಾ ಇಡಲು ಒಂದು ಸಮಿತಿಗೆ ಅವಕಾಶ ಮಾಡಿತು. ಸಾಧ್ಯವಿರುವಲ್ಲೆಲ್ಲ ಪ್ರಾಣಿಪ್ರಯೋಗವನ್ನು ಬಿಡಬೇಕು, ಸಣ್ಣ ಪ್ರಾಣಿಯಿಂದ ಆಗುವ ಕೆಲಸಕ್ಕೆ ದೊಡ್ಡ ಪ್ರಾಣಿಯನ್ನು ಬಳಸಬಾರದು, ಬರಿಯ ಕೈಪಳಗಿಸಿಕೊಳ್ಳಲು ಪ್ರಾಣಿಯನ್ನು ಕೊಯ್ಯಬಾರದು ಎಂಬ ನಿಯಮಗಳ ಬೀಜ ಇದರಲ್ಲಿದೆ.

ಆದರೂ ರಫ್ತು ನಡೆದೇ ಇತ್ತು. ಅಮೆರಿಕದ ಸೇನಾ ಪ್ರಯೋಗಾಲಯದಲ್ಲಿ ಕೋತಿಗಳ ಮೇಲೆ ವಿಕಿರಣದ ಪರೀಕ್ಷೆ ನಡೆದ ಸಂಗತಿ ಬಯಲಾದಾಗ, 1955ರ ಷರತ್ತು ಮುರಿದಿದೆ ಎಂಬ ಮಾತು ಬಲವಾಯಿತು. ಮೊರಾರ್ಜಿ ದೇಸಾಯಿ ಅವರ ಸರ್ಕಾರ 1978ರಲ್ಲಿ ರೀಸಸ್ ಕೋತಿಗಳ ರಫ್ತನ್ನು ಪೂರ್ಣವಾಗಿ ನಿಲ್ಲಿಸಿತು. ಸುಲಭವಾಗಿ ಸಿಗುವುದು ನಿಂತ ಮೇಲೆ ಅಮೆರಿಕ ತನ್ನಲ್ಲೇ ಕೋತಿಗಳನ್ನು ಸಾಕಿ ಬೆಳೆಸುವುದಕ್ಕೆ ಹೆಚ್ಚು ಗಮನ ಕೊಡಬೇಕಾಯಿತು.

ಈಗ ನಮ್ಮ ಬೆಂಗಳೂರಿಗೆ ಬನ್ನಿ. ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎನ್.ಆರ್. ಮೌದ್ಗಲ್ ಮತ್ತು ಅವರ ಶಿಷ್ಯರು ಸಂತಾನ ನಿಯಂತ್ರಣದ ಹಾರ್ಮೋನುಗಳನ್ನು ಕುರಿತು ದಶಕಗಳ ಕಾಲ ಸಂಶೋಧನೆ ನಡೆಸಿದರು. ಅದಕ್ಕೆ ಆಧಾರವಾದದ್ದು ನಮ್ಮ ಬಾನೆಟ್ ಕೋತಿ. ಹೆಣ್ಣು ಕೋತಿಯ ಋತುಚಕ್ರ ಹೆಂಗಸರ ಋತುಚಕ್ರವನ್ನು ಬಹಳವಾಗಿ ಹೋಲುತ್ತದೆ. ಇಲಿಯಿಂದ ಈ ಪಾಠ ಸಿಗುವುದಿಲ್ಲ.

ಇಲ್ಲಿ ಒಂದು ಮುಖ್ಯವಾದ ಮಾತನ್ನು ಗಮನಿಸಿ. ಕೋತಿ ಗುಂಪಿನ ಜೀವಿ. ಒಂಟಿ ಪಂಜರದಲ್ಲಿಟ್ಟರೆ ಅದು ಕುಗ್ಗುತ್ತದೆ, ಒಂದೇ ಕಡೆ ಸುತ್ತುತ್ತದೆ, ತನ್ನ ಮೈಯನ್ನೇ ಕಚ್ಚಿಕೊಳ್ಳುತ್ತದೆ. ಬಲವಂತವಾಗಿ ಹಿಡಿದಾಗ ಭಯದಿಂದ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ. ಆ ಸ್ಥಿತಿಯಲ್ಲಿ ತೆಗೆದ ರಕ್ತ, ಹಾರ್ಮೋನುಗಳ ಬಗ್ಗೆ ಯಾವ ಸತ್ಯವನ್ನು ಹೇಳೀತು? ಆದುದರಿಂದ ಜೊತೆಗಾರರಿರುವ ವಿಶಾಲವಾದ ಆವರಣ, ಹತ್ತಿ ಕುಳಿತುಕೊಳ್ಳಲು ಎತ್ತರದ ಜಾಗ, ಹುಡುಕಿ ತಿನ್ನುವಂತೆ ಅಡಗಿಸಿಟ್ಟ ಕಾಳು, ಹಣ್ಣಿನ ಚೂರು ಕೊಟ್ಟು ತಾನಾಗಿ ತೋಳು ಚಾಚುವಂತೆ ಕಲಿಸುವುದು — ಇವೆಲ್ಲ ಕೇವಲ ಕರುಣೆಯ ಮಾತಲ್ಲ. ಒಳ್ಳೆಯ ವಿಜ್ಞಾನದ ಅಗತ್ಯವೂ ಹೌದು.

1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಆಂಗ್ಲ ವಿಜ್ಞಾನಿಗಳು ಮೂರು ಸೂತ್ರಗಳನ್ನು ಮುಂದಿಟ್ಟಿದ್ದರು: ಪ್ರಾಣಿಗೆ ಬದಲಿ ಹುಡುಕಿ, ಸಂಖ್ಯೆ ಇಳಿಸಿ, ನೋವು ತಗ್ಗಿಸಿ. ಭಾರತ ಇವಕ್ಕೆ ನಾಲ್ಕನೆಯದನ್ನು ಸೇರಿಸಿತು: ಪ್ರಯೋಗ ಮುಗಿದ ಮೇಲೆ ಪುನರ್ವಸತಿ ಕಲ್ಪಿಸಿ. 1998ರ ನಿಯಮಗಳಂತೆ ಪ್ರಾಣಿಪ್ರಯೋಗ ನಡೆಸುವ ಪ್ರತಿ ಸಂಸ್ಥೆಯೂ ನೋಂದಾಯಿಸಿಕೊಂಡು ನೈತಿಕ ಸಮಿತಿಯನ್ನು ಹೊಂದಿರಬೇಕು. ಕೋತಿಯಂಥ ದೊಡ್ಡ ಪ್ರಾಣಿಗೆ ಕೇಂದ್ರ ಸಮಿತಿಯ ಒಪ್ಪಿಗೆಯೂ ಬೇಕು. 2006ರ ತಿದ್ದುಪಡಿ ಇನ್ನೂ ಮುಂದೆ ಹೋಗಿ, ಪ್ರಯೋಗದ ನಂತರದ ಪಾಲನೆಯ ವೆಚ್ಚವನ್ನೂ ಸಂಶೋಧನೆಯ ಖರ್ಚಿನಲ್ಲೇ ಸೇರಿಸಬೇಕೆಂದಿತು. ಪ್ರಾಣಿಯ ಸಂವೇದನೆ ಹೆಚ್ಚಿದಷ್ಟೂ ಆ ಹೊಣೆಯೂ ಹೆಚ್ಚಬೇಕು ಎಂಬುದು ಅದರ ತಿರುಳು.

ಕಾನೂನು ಕಾಗದದಲ್ಲಿದ್ದರೆ ಸಾಲದು, ಅದನ್ನು ಜಾರಿಯಲ್ಲಿಡುವ ಜನ ಬೇಕು. ಪ್ರತಿ ನೈತಿಕ ಸಮಿತಿಯಲ್ಲಿ ವಿಜ್ಞಾನಿಯಲ್ಲದ, ಸಾಮಾಜಿಕ ಕಳಕಳಿಯುಳ್ಳ ಒಬ್ಬ ಸದಸ್ಯರಿಗೆ ಸ್ಥಾನವಿದೆ. “ಈ ಪ್ರಯೋಗ ಬೇಕೇ? ಇಷ್ಟು ಕೋತಿಗಳು ಬೇಕೇ? ಮುಗಿದ ಮೇಲೆ ಅವು ಎಲ್ಲಿಗೆ ಹೋಗುತ್ತವೆ?” ಎಂದು ಕೇಳುವುದು ಅವರ ಕೆಲಸ. ನಾಳೆ ನಿಮ್ಮಲ್ಲಿ ಕೆಲವರು ಪ್ರಯೋಗಶಾಲೆಯಲ್ಲಿ ಆ ಪ್ರಶ್ನೆಗೆ ಉತ್ತರ ಕೊಡಬೇಕಾಗಬಹುದು. ಇನ್ನು ಕೆಲವರು ಸಮಿತಿಯಲ್ಲಿ ಕುಳಿತು ಆ ಪ್ರಶ್ನೆ ಕೇಳಬೇಕಾಗಬಹುದು. ಎರಡಕ್ಕೂ ಇಂದೇ ಸಿದ್ಧರಾಗಿ.