ಲಿಫ್ಟ್ ಬಳಸದವರೂ ಮೇಂಟೆನೆನ್ಸ್ ಕಟ್ಟಬೇಕೇ?

"ನಮ್ದು ಕೆಳಗಿನ ಮನಿ. ನಾವು ಲಿಫ್ಟ್ ಹತ್ತಂಗೇ ಇಲ್ಲ. ಅದರ ರೊಕ್ಕ ನಾವ್ಯಾಕ ಕೊಡ್ಬೇಕ್ರಿ?" ಕೊಪ್ಪಳ, ಗಂಗಾವತಿಯಂಥ ಊರುಗಳಲ್ಲಿ ಸ್ವಂತ ಸೈಟಿನ ಮನೆ ಬಿಟ್ಟು ಫ್ಲ್ಯಾಟಿಗೆ ಬಂದವರಿಗೆ ಈ ಪ್ರಶ್ನೆ ಸಹಜ. ಬಳಸಿದಷ್ಟಕ್ಕೆ ದುಡ್ಡು ಕೊಟ್ಟರೆ ಸಾಕು ಎಂಬುದು ನ್ಯಾಯವೆಂದೇ ತೋರುತ್ತದೆ. ಆದರೆ ಕಾನೂನು ಹಾಗೆ ನೋಡುವುದಿಲ್ಲ.

ಫ್ಲ್ಯಾಟ್ ಕೊಂಡಾಗ ನಿಮಗೆ ಸಿಗುವುದು ನಾಲ್ಕು ಗೋಡೆ ಮಾತ್ರವಲ್ಲ. ನೆಲ, ಮೆಟ್ಟಿಲು, ಲಿಫ್ಟ್, ತಾರಸಿ, ನೀರಿನ ಟ್ಯಾಂಕ್‌ಗಳಲ್ಲೂ ನಿಮಗೆ ಪಾಲಿರುತ್ತದೆ. ಮೇಂಟೆನೆನ್ಸ್ ಎಂದರೆ ಆ ಪಾಲಿನ ಖರ್ಚು. ಅದು ಬಳಕೆಯ ಬಾಡಿಗೆಯಲ್ಲ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972ರ ಪ್ರಕಾರ, ಸಾಮಾನ್ಯ ಸೌಲಭ್ಯಗಳನ್ನು ಬಳಸುವುದಿಲ್ಲ ಎಂದು ಹೇಳಿ ಯಾವ ಮಾಲೀಕರೂ ಈ ಖರ್ಚಿನಿಂದ ತಪ್ಪಿಸಿಕೊಳ್ಳುವಂತಿಲ್ಲ. ಮನೆಗೆ ಬೀಗ ಹಾಕಿದ್ದರೂ ಅಷ್ಟೇ.

ಎಡದಂಡೆ ಕಾಲುವೆಯ ರೈತರಿಗೆ ಇದು ಹೊಸದಲ್ಲ. ಕಾಲುವೆಯ ಹೂಳು ತೆಗೆಯುವ ಖರ್ಚನ್ನು 'ನನ್ನ ಹೊಲದ ಮುಂದಿನದಷ್ಟೇ ನನ್ನದು' ಎಂದು ಹಂಚಿಕೊಂಡರೆ ಕಾಲುವೆ ಉಳಿಯುವುದಿಲ್ಲ.

ಯಾರು ಎಷ್ಟು ಕೊಡಬೇಕು?

ಈ ಕಾಯ್ದೆಯಡಿ ಘೋಷಣಾ ಪತ್ರ ನೋಂದಣಿಯಾದ ಕಟ್ಟಡದಲ್ಲಿ ಪ್ರತಿ ಫ್ಲ್ಯಾಟಿನ ಶೇಕಡಾ ಪಾಲನ್ನು ಆ ಪತ್ರದಲ್ಲೇ ಬರೆದಿರುತ್ತಾರೆ. ಖರ್ಚು ಹಂಚಿಕೆಯಾಗುವುದು ಆ ಪಾಲಿನಂತೆ. ಉದಾಹರಣೆಗೆ, 8 ಮನೆಗಳ ಕಟ್ಟಡಕ್ಕೆ ಕಾವಲುಗಾರ, ಕರೆಂಟು, ಲಿಫ್ಟ್, ಸ್ವಚ್ಛತೆ ಸೇರಿ ತಿಂಗಳಿಗೆ 12,000 ರೂಪಾಯಿ ಬೇಕೆನ್ನಿ. ಶೇ. 10 ಪಾಲಿನವರಿಗೆ 1,200, ಶೇ. 15 ಪಾಲಿನವರಿಗೆ 1,800 ರೂಪಾಯಿ ಬರುತ್ತದೆ. ಬಣ್ಣ, ಮೋಟಾರು, ಲಿಫ್ಟಿನ ದೊಡ್ಡ ರಿಪೇರಿಗೆಂದು ಪ್ರತ್ಯೇಕ ನಿಧಿ ಕೂಡಿಡುವುದೂ ಜಾಣತನ.

ಲೆಕ್ಕ ಕೇಳುವುದು ಜಗಳವಲ್ಲ

ಆಡಳಿತ ಮಂಡಳಿಯನ್ನು ಮಾಲೀಕರೇ ತಮ್ಮೊಳಗಿಂದ ಆರಿಸುತ್ತಾರೆ. ಜಮಾ-ಖರ್ಚಿನ ಪುಸ್ತಕ ಇಡುವುದು ಅದರ ಕರ್ತವ್ಯ, ಅದನ್ನು ನೋಡುವುದು ಪ್ರತಿ ಮಾಲೀಕರ ಹಕ್ಕು. ಆದರೆ ಲೆಕ್ಕ ಸರಿಯಿಲ್ಲವೆಂದು ಹಣ ಕಟ್ಟುವುದನ್ನು ನಿಲ್ಲಿಸಿದರೆ ಬಾಕಿ ನಿಮ್ಮ ಫ್ಲ್ಯಾಟಿನ ಮೇಲೇ ಬೀಳುತ್ತದೆ. ಹಣ ಕಟ್ಟಿ, ಆಮೇಲೆ ಬರವಣಿಗೆಯಲ್ಲಿ ಲೆಕ್ಕ ಕೇಳಿ.

ಬಿಲ್ಡರ್ ನೋಡಿಕೊಳ್ಳುತ್ತಾರೆಯೇ?

2016ರ ರೇರಾ ಕಾಯ್ದೆಯಂತೆ, ಸಂಘವು ಕಟ್ಟಡವನ್ನು ವಹಿಸಿಕೊಳ್ಳುವವರೆಗೆ ಅಗತ್ಯ ಸೇವೆಗಳನ್ನು ನ್ಯಾಯವಾದ ದರದಲ್ಲಿ ಒದಗಿಸುವುದು ಬಿಲ್ಡರ್ ಹೊಣೆ. ಆದರೆ ನಿವೇಶನ 500 ಚದರ ಮೀಟರ್ ಮೀರದಿದ್ದರೆ ಅಥವಾ ಮನೆಗಳು 8ನ್ನು ದಾಟದಿದ್ದರೆ ರೇರಾ ನೋಂದಣಿ ಕಡ್ಡಾಯವಲ್ಲ. ಸಣ್ಣ ಊರುಗಳ ಸಣ್ಣ ಕಟ್ಟಡಗಳು ಈ ಮಿತಿಯೊಳಗೇ ಉಳಿಯಬಹುದು. ಅಂಥಲ್ಲಿ ಮಾಲೀಕರೇ ಬೇಗ ಸಂಘ ಕಟ್ಟಿಕೊಳ್ಳುವುದು ಒಳ್ಳೆಯದು.

ಹಳೆಯ ಫ್ಲ್ಯಾಟ್ ಕೊಳ್ಳುವ ಮುನ್ನ

1972ರ ಕಾಯ್ದೆಯಂತೆ, ಮಾರುವವರು ಉಳಿಸಿದ ಮೇಂಟೆನೆನ್ಸ್ ಬಾಕಿಗೆ ಕೊಳ್ಳುವವರೂ ಜೊತೆಯಾಗಿ ಹೊಣೆಗಾರರು. ಆದ್ದರಿಂದ ನೋಂದಣಿಗೆ ಮೊದಲೇ ಆಡಳಿತ ಮಂಡಳಿಯಿಂದ ಬಾಕಿಯ ವಿವರವನ್ನು ಬರಹದಲ್ಲಿ ಪಡೆಯಿರಿ. ಆ ಒಂದು ಹಾಳೆ ಇಲ್ಲದಿದ್ದರೆ, ಇನ್ನೊಬ್ಬರ ಸಾಲ ಮನೆಯ ಕೀಲಿಕೈ ಜೊತೆಗೇ ನಿಮ್ಮ ಕೈಗೆ ಬರಬಹುದು.