ಹರಿದ ಕಿವಿಯನ್ನು ಹೊಲಿದವರು

ಮದುವೆ ಜವಳಿಗೆಂದು ಬೆಂಗಳೂರಿಗೆ ಹೋದವರಿಗೆ ಬಳೇಪೇಟೆ ಗೊತ್ತಿರುತ್ತದೆ. ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು ಚಿಕ್ಕಪೇಟೆ ಕಡೆ ನಡೆದರೆ ಸಿಗುವ ಹಳೇ ಪೇಟೆ. ಬಳೆ, ರೇಷ್ಮೆ ಸೀರೆ, ವೀಣೆ, ತಬಲಾ, ಒನ್ ಗ್ರಾಂ ಗೋಲ್ಡ್ ಒಡವೆ, ಎಲ್ಲ ಒತ್ತೊತ್ತಾಗಿ. ಅಲ್ಲಿನ ಓಲೆ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಸೆರಗನ್ನೋ ಕೂದಲನ್ನೋ ಕಿವಿ ಮೇಲೆ ಎಳೆದುಕೊಂಡು, ದನಿ ತಗ್ಗಿಸಿ, "ಚುಚ್ಚದೆ ಹಾಕೋ ಓಲೆ ಇದೆಯಾ?" ಎಂದು ಕೇಳುವ ಹೆಂಗಸರು. ಇವರ ಕಿವಿಯ ಹಾಲೆ ಹರಿದಿರುತ್ತದೆ. ಇಲ್ಲವೇ ತೂತು ಕೆಳಗಿಳಿದು, ಇನ್ನೇನು ಹರಿಯುವ ಹಾಗೆ ಒಂದು ಎಳೆಯಷ್ಟು ಚರ್ಮ ಉಳಿದಿರುತ್ತದೆ.

ಹರಿದ ಕಿವಿಯನ್ನು ಹೊಲಿಸಿಕೊಳ್ಳುವುದು ಪಟ್ಟಣದವರ ಶೋಕಿ, ಸಿನಿಮಾದವರ ಪ್ಲಾಸ್ಟಿಕ್ ಸರ್ಜರಿ ಎಂದು ನಮ್ಮ ಕಡೆ ಮಾತಿದೆ. ಆದರೆ ಚರ್ಮ ಸೇರಿಸಿ ಅಂಗ ಸರಿಮಾಡುವ ವಿದ್ಯೆಯ ಹಳೆಯ ಬೇರುಗಳಲ್ಲೊಂದು ಈ ಹರಿದ ಕಿವಿಯಲ್ಲೇ ಇದೆ. ಅದೂ ನಮ್ಮ ದೇಶದಲ್ಲಿ.

ಕಿವಿ ಯಾಕೆ ಹರಿಯುತ್ತದೆ ಅಂದರೆ ನಾವು ಅದಕ್ಕೆ ಅಷ್ಟು ಭಾರ ಹೊರಿಸಿದ್ದೇವೆ. 'ಓಲೆ' ಎಂದರೆ ಮೂಲದಲ್ಲಿ ತಾಳೆಗರಿ. ಗರಿಯನ್ನು ಸುರುಳಿ ಸುತ್ತಿ ತೂತಿಗೆ ಸಿಕ್ಕಿಸಿದರೆ ಅದು ಬಿಚ್ಚಿಕೊಳ್ಳಲು ನೋಡುತ್ತಾ ತೂತನ್ನು ದಿನದಿನಕ್ಕೂ ಹಿಗ್ಗಿಸುತ್ತದೆ. ಕಾಗದ ಬರೆಯುವುದಕ್ಕೂ ಅದೇ ಗರಿ, ಅದಕ್ಕೇ ಪತ್ರಕ್ಕೂ ಓಲೆ ಎಂದೇ ಹೆಸರು. ಗರಿಯ ಜಾಗಕ್ಕೆ ಆಮೇಲೆ ಚಿನ್ನ ಬಂತು, ಹೆಸರು ಹಾಗೇ ಉಳಿಯಿತು. ಬುಗುಡಿ, ಕೊಪ್ಪು, ಬಾವಲಿ, ಲೋಲಾಕು, ಜುಮುಕಿ ಎಂದು ಕಿವಿಯ ತುದಿಯಿಂದ ಬುಡದವರೆಗೂ ಒಡವೆ. ಗಂಡಸರೇನೂ ಹಿಂದೆ ಬಿದ್ದಿರಲಿಲ್ಲ, ಅವರಿಗೆ ಒಂಟಿ, ಹತ್ತಕಡಕು. ನಮ್ಮ ಹೆಂಗಸರು ಇದಕ್ಕೊಂದು ಉಪಾಯವನ್ನೂ ಕಂಡುಕೊಂಡಿದ್ದರು: ಮಾಟಿ. ಜುಮುಕಿಯಿಂದ ಕೂದಲಿಗೆ ಸಿಕ್ಕಿಸುವ ಆ ಸರಪಳಿ ಅಂದಕ್ಕಷ್ಟೇ ಅಲ್ಲ, ಕಿವಿಯ ಭಾರವನ್ನು ತಲೆಗೆ ದಾಟಿಸುವುದಕ್ಕೂ ಹೌದು. ಮಾಟಿ ಕೊಳ್ಳುವಷ್ಟು ಚಿನ್ನ ಇಲ್ಲದ ಮನೆಗಳಲ್ಲಿ ಕಿವಿಯೇ ಎಲ್ಲ ಹೊರಬೇಕಾಯಿತು.

ಕಿವಿ ಚುಚ್ಚುವ ಶಾಸ್ತ್ರದ ಹಿಂದೆ ಬೆಂಗಳೂರು ಸೀಮೆಯಲ್ಲಿ ಇನ್ನೊಂದು ನೋವೂ ಇತ್ತು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರಬರಲು ಶುರುವಾದ ತನ್ನ ಇತಿಹಾಸದ ಪುಸ್ತಕದಲ್ಲಿ ಇದನ್ನು ಬರೆದಿದ್ದಾನೆ. ಇಲ್ಲಿನ ಒಕ್ಕಲು ಪಂಗಡವೊಂದರಲ್ಲಿ ಹಿರಿ ಮಗಳ ಕಿವಿ ಚುಚ್ಚಿಸುವ ಮೊದಲು ತಾಯಿ ತನ್ನ ಕೈಯ ಎರಡು ಬೆರಳುಗಳ ತುದಿಗೆಣ್ಣು ಕೊಡಬೇಕಿತ್ತು. ಕತ್ತರಿಸುವವನು ಊರ ಕಮ್ಮಾರ. ಬೆಂಗಳೂರು ಕಟ್ಟಿದ ಕೆಂಪೇಗೌಡರೇ ಇದನ್ನು ನಿಲ್ಲಿಸಿದರು ಎಂಬ ಮಾತಿದೆ. ಆದರೆ ಅವರು 1537ರಲ್ಲಿ ಪೇಟೆ ಕಟ್ಟಿಸಿ ಎರಡೂವರೆ ಶತಮಾನ ಕಳೆದ ಮೇಲೂ ವಿಲ್ಕ್ಸ್‌ಗೆ ಅದು ಬರೆಯುವಷ್ಟು ಜೀವಂತವಾಗಿತ್ತು. ಕೊನೆಗೆ ಮೈಸೂರು ಸರ್ಕಾರ ನಿಷೇಧಿಸಿತು. ಮಗಳ ಕಿವಿಯ ಒಂದು ತೂತಿಗೆ ತಾಯಿಯ ಎರಡು ಬೆರಳು. ಇಂಥ ಕಡೆ ಕಿವಿ ಹರಿದರೆ ಅದು ಬರೀ ಚರ್ಮ ಹರಿದಂತಲ್ಲ ಎಂಬುದು ಅರ್ಥವಾಗುತ್ತದೆ. ನಮ್ಮಜ್ಜಿ ಕಿವಿ ಹರಿದ ಮೇಲೆ ಅರಿಶಿಣ ಕುಂಕುಮಕ್ಕೆ ಕರೆದರೂ ಹಿಂದಿನ ಸಾಲಿನಲ್ಲೇ ಕೂರುತ್ತಿದ್ದಳು.

ಈಗ ಹೊಲಿದವರ ವಿಷಯಕ್ಕೆ ಬರೋಣ.

ಸುಶ್ರುತ ಸಂಹಿತೆಗೆ ಸುಮಾರು ಎರಡು ಸಾವಿರ ವರ್ಷದ ವಯಸ್ಸು. ಅದರ ಸೂತ್ರಸ್ಥಾನದ 16ನೇ ಅಧ್ಯಾಯ ಪೂರ್ತಿ ಕಿವಿಗೇ ಮೀಸಲು ಎನ್ನಬಹುದು. ಮೊದಲು ಚುಚ್ಚುವ ಕ್ರಮ: ಮಗುವಿಗೆ ಆರೋ ಏಳೋ ತಿಂಗಳಾದಾಗ, ಮಡಿಲಲ್ಲಿ ಕೂರಿಸಿ, ಆಟದ ಸಾಮಾನು ತೋರಿಸಿ ಮರೆಸಿ, ಕಿವಿಯನ್ನು ಬಿಸಿಲಿಗೆ ಹಿಡಿಯಬೇಕು. ಬೆಳಕು ತೂರಿ ಬರುವ ಜಾಗದಲ್ಲಿ ಚುಚ್ಚಬೇಕು. ಗಂಡಿಗೆ ಮೊದಲು ಬಲಗಿವಿ, ಹೆಣ್ಣಿಗೆ ಎಡಗಿವಿ. ರಕ್ತ ಜಾಸ್ತಿ ಬಂದರೆ ಅಥವಾ ಮಗು ತುಂಬಾ ನೋವುಪಟ್ಟರೆ ಜಾಗ ತಪ್ಪಿತು ಎಂದು ತಿಳಿಯಬೇಕು. ಎಣ್ಣೆಯಲ್ಲಿ ಅದ್ದಿದ ಹತ್ತಿಯ ಬತ್ತಿ ಇಟ್ಟು, ಮೂರು ದಿನಕ್ಕೊಮ್ಮೆ ದಪ್ಪ ಬತ್ತಿಗೆ ಬದಲಿಸಬೇಕು. ಅರಿಶಿಣ ಎಣ್ಣೆ ಹಚ್ಚಿ ಬೇವಿನ ಕಡ್ಡಿ ಇಡುವ ನಮ್ಮ ಅಜ್ಜಿಯರ ಪದ್ಧತಿ ಇದರಿಂದ ಬಹಳ ದೂರವಿಲ್ಲ. ತೂತು ಹಿಗ್ಗಿಸಲು ಬೇವಿನ ಕಡ್ಡಿಯ ಮಾತು ಆ ಪುಸ್ತಕದಲ್ಲೂ ಇದೆ.

ಹಿಗ್ಗಿಸಿದ ಕಿವಿ ಎರಡಾಗಿ ಸೀಳಿದರೆ? ಅಲ್ಲೇ ಮುಂದಿನ ಪಾಠ. ಕಿವಿ ಸೇರಿಸಲು 15 ಬಗೆಯ ಕಟ್ಟುಗಳನ್ನು ಹೆಸರು ಹೇಳಿ ಬರೆದಿದೆ. ಎರಡು ಹೋಳೂ ಸಮ ಇದ್ದರೆ ಒಂದು ರೀತಿ, ಒಂದು ಗಿಡ್ಡ ಒಂದು ಉದ್ದ ಇದ್ದರೆ ಇನ್ನೊಂದು. ಕೊನೆಯ ಐದು ಬಗೆಯವು ಕೂಡಿಬರುವುದು ಕಷ್ಟ, ಕೈ ಹಾಕಬೇಡಿ ಎಂದೂ ಹೇಳಿದೆ. ನನಗೆ ಆ ಅಧ್ಯಾಯದಲ್ಲಿ ಹೆಚ್ಚು ಹಿಡಿಸುವುದು ಈ ಪ್ರಾಮಾಣಿಕತೆ. ಹಾಲೆಯೇ ಇಲ್ಲದವರಿಗೆ ಕೆನ್ನೆಯ ಚರ್ಮವನ್ನು ಒಂದು ಕಡೆ ಕೆನ್ನೆಗೇ ಅಂಟಿಕೊಂಡಿರುವಂತೆ ಎಬ್ಬಿಸಿ, ತಿರುಗಿಸಿ, ಕಿವಿಗೆ ಕೂಡಿಸುವುದು. ಅಂಟಿಕೊಂಡ ಕಡೆಯಿಂದ ರಕ್ತ ಹರಿಯುತ್ತಿರುವುದರಿಂದ ಆ ಚರ್ಮ ಸಾಯುವುದಿಲ್ಲ. ಇವತ್ತಿನ ಪ್ಲಾಸ್ಟಿಕ್ ಸರ್ಜನ್ನರು ಸುಟ್ಟ ಗಾಯಕ್ಕೆ, ಕ್ಯಾನ್ಸರ್ ತೆಗೆದ ಜಾಗಕ್ಕೆ ಮಾಡುವ ಕೆಲಸದಲ್ಲೂ ಇದೇ ತತ್ವವಿದೆ.

ಅದೇ ಅಧ್ಯಾಯದಲ್ಲಿ ಕಿವಿ ಮುಗಿದ ಮೇಲೆ ಮೂಗು ಬರುತ್ತದೆ. ಮೂಗಿನ ಕಥೆ ಜಗತ್ತಿಗೆಲ್ಲ ಗೊತ್ತಾಯಿತು, ಕಿವಿಯದು ಮೂಲೆಗೆ ಸರಿಯಿತು. ಮೂಗಿನ ಕಥೆಗೂ ನಮ್ಮ ನಾಡಿಗೂ ನಂಟಿದೆ. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಬೆಂಗಳೂರಿನ ಪೇಟೆಯನ್ನೂ ಆಮೇಲೆ ಕೋಟೆಯನ್ನೂ ಹಿಡಿಯಿತು. ಆ ಯುದ್ಧ ನಡೆದದ್ದೇ ಎತ್ತುಗಳ ಬೆನ್ನ ಮೇಲೆ. ಇಂಗ್ಲಿಷರ ಕಡೆ ಎತ್ತು ಹೊಡೆಯುತ್ತಿದ್ದ ಕವಾಸ್ಜಿ ಎಂಬಾತ ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕ, ಅವನ ಮೂಗು ಮತ್ತು ಒಂದು ಕೈ ಕತ್ತರಿಸಲಾಯಿತು ಎಂದು ಇಂಗ್ಲಿಷರ ವರದಿ ಹೇಳುತ್ತದೆ. (ಮೂಗು ಕೊಯ್ಯುವುದು ಆಗಿನ ಯುದ್ಧಗಳಲ್ಲಿ ಒಬ್ಬರ ಸೊತ್ತೇನಲ್ಲ. 17ನೇ ಶತಮಾನದಲ್ಲಿ ಮೈಸೂರಿಗೂ ಮದುರೆಗೂ ನಡೆದ ಕಾಳಗಕ್ಕೆ 'ಮೂಗು ಕೊಯ್ದ ಯುದ್ಧ' ಎಂದೇ ಹೆಸರು ಬಿದ್ದಿತ್ತು.) ಕವಾಸ್ಜಿ ಸುಮಾರು ಒಂದು ವರ್ಷ ಮೂಗಿಲ್ಲದೆ ಬದುಕಿದ. ಆಮೇಲೆ ಪುಣೆ ಹತ್ತಿರ ಒಬ್ಬಾತ ಅವನ ಹಣೆಯ ಚರ್ಮ ಇಳಿಸಿ ಹೊಸ ಮೂಗು ಕಟ್ಟಿದ. ಮೊದಲು ಮೇಣದಲ್ಲಿ ಮೂಗು ಮಾಡಿ, ಅದನ್ನು ಚಪ್ಪಟೆ ಮಾಡಿ ಹಣೆ ಮೇಲಿಟ್ಟು ಗೆರೆ ಎಳೆದು, ಅಳತೆಗೆ ತಕ್ಕಂತೆ ಚರ್ಮ ಎಬ್ಬಿಸಿದ್ದ. ಬೊಂಬಾಯಿಯ ಇಬ್ಬರು ಇಂಗ್ಲಿಷ್ ವೈದ್ಯರು ಇದನ್ನು ಕಣ್ಣಾರೆ ಕಂಡರು. ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜಿನ್' 1794ರ ಅಕ್ಟೋಬರ್‌ನಲ್ಲಿ ಚಿತ್ರಸಹಿತ ಪ್ರಕಟಿಸಿತು. ಅದನ್ನು ತಿಳಿದು ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಅದೇ ಆಪರೇಷನ್ ಮಾಡಿದ, 1816ರಲ್ಲಿ ಪುಸ್ತಕ ಬರೆದ. ಯುರೋಪಿನಲ್ಲಿ ಪ್ಲಾಸ್ಟಿಕ್ ಸರ್ಜರಿ ಮತ್ತೆ ಚಿಗುರಿದ್ದು ಅಲ್ಲಿಂದ.

ಕಾರ್ಪ್ಯೂ ಹೆಸರು ಉಳಿಯಿತು, ಕವಾಸ್ಜಿ ಹೆಸರೂ ಉಳಿಯಿತು. ಮೂಗು ಕಟ್ಟಿದವನ ಹೆಸರನ್ನು ಮಾತ್ರ ಆ ಪತ್ರಿಕೆ ಬರೆಯಲಿಲ್ಲ. ಇಟ್ಟಿಗೆ ಮಾಡುವ ಜಾತಿಯವನು ಎಂದಷ್ಟೇ ಬರೆದರು. ಈ ವಿದ್ಯೆ ಆ ಹೊತ್ತಿಗೆ ಸಂಸ್ಕೃತ ಪುಸ್ತಕ ಓದಿದವರ ಕೈಯಲ್ಲಿರಲಿಲ್ಲ, ಮಣ್ಣು ಕಲಸುವ ಕೈಯಲ್ಲಿತ್ತು. ನಮ್ಮ ಕಡೆ ಕಿವಿ ಚುಚ್ಚುತ್ತಾ ಬಂದವರೂ ಅಕ್ಕಸಾಲಿಗರೇ. ಪುಸ್ತಕ ಒಬ್ಬರ ಬಳಿ, ಕೈಚಳಕ ಇನ್ನೊಬ್ಬರ ಬಳಿ, ಇಬ್ಬರೂ ಒಂದೇ ಜಗುಲಿ ಮೇಲೆ ಕೂರುವ ಹಾಗಿರಲಿಲ್ಲ. ವಿದ್ಯೆ ಸೊರಗಿದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕೆಂದು ನನಗನ್ನಿಸುವುದಿಲ್ಲ.

ಮುಂದಿನದು ಆಸ್ಪತ್ರೆಯ ಕಾಲ. ಬಳೇಪೇಟೆಯಿಂದ ನಡೆದೇ ಹೋಗಬಹುದಾದ ವಿಕ್ಟೋರಿಯಾ ಆಸ್ಪತ್ರೆಗೆ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1897ರಲ್ಲಿ ಅಡಿಗಲ್ಲು ಹಾಕಿದರು, 1900ರ ಡಿಸೆಂಬರ್ 8ರಂದು ವೈಸ್‌ರಾಯ್ ಕರ್ಜನ್ ಉದ್ಘಾಟಿಸಿದ. ಇವತ್ತು ಅಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗವೂ ಇದೆ. ಸರ್ಕಾರಿ ಆಸ್ಪತ್ರೆ, ಹಳ್ಳಿಯವರು ಹೆದರಬೇಕಿಲ್ಲ.

ಮಕ್ಕಳ ಕಿವಿಯ ಚರಿತ್ರೆ ಬೇರೆ. ಮೊರದಂತೆ ಮುಂದೆ ಚಾಚಿದ ಕಿವಿಯನ್ನು ಸರಿಮಾಡಿದ ಮೊದಲ ವರದಿಗಳಲ್ಲೊಂದು 1881ರದು. ಅಮೆರಿಕದ ವೈದ್ಯ ಎಡ್ವರ್ಡ್ ಈಲಿ 12 ವರ್ಷದ ಹುಡುಗನಿಗೆ ಮಾಡಿದ. ಕಾರಣ ನಮಗೂ ಗೊತ್ತಿರುವುದೇ, ಶಾಲೆಯಲ್ಲಿ ಹುಡುಗರು ರೇಗಿಸುತ್ತಿದ್ದರು. ಐದಾರು ವರ್ಷಕ್ಕೆ ಕಿವಿ ಹೆಚ್ಚುಕಡಿಮೆ ಪೂರ್ತಿ ಬೆಳೆದಿರುತ್ತದೆ, ಹಾಗಾಗಿ ವೈದ್ಯರು ಸಾಮಾನ್ಯವಾಗಿ ಅಲ್ಲಿಯವರೆಗೆ ಕಾಯುತ್ತಾರೆ. ಹುಟ್ಟುವಾಗಲೇ ಕಿವಿ ಮುದುಡಿ ಚಿಕ್ಕದಾಗಿದ್ದರೆ ಅಂದಕ್ಕಿಂತ ಮೊದಲು ಮಗುವಿಗೆ ಕೇಳಿಸುತ್ತದೆಯೇ ಎಂದು ಪರೀಕ್ಷೆ ಮಾಡಿಸಬೇಕು. ಅಂಗನವಾಡಿಗೆ ಬರುವ ಬಾಲ ಸ್ವಾಸ್ಥ್ಯ ತಂಡದವರನ್ನು ಕೇಳಿ.

ಈಗ ಹಾಲೆ ಹರಿದವರಿಗೆ. ಪೇಟೆಯಲ್ಲೂ ಮೊಬೈಲಿನಲ್ಲೂ "ಆಪರೇಷನ್ ಇಲ್ಲದೆ ಕಿವಿ ಅಂಟಿಸುತ್ತೇವೆ" ಎಂಬ ಜಾಹೀರಾತು ಬರುತ್ತವೆ. ಕೆಲವರು ಗಮ್ ಹಾಕುತ್ತಾರೆ, ಕೆಲವು ಪಾರ್ಲರ್‌ಗಳಲ್ಲಿ ಆಸಿಡ್ ಹಚ್ಚುತ್ತಾರೆ. ಹರಿದು ವಾಸಿಯಾದ ಕಿವಿಯ ಎರಡೂ ಅಂಚಿಗೆ ಚರ್ಮ ಬೆಳೆದಿರುತ್ತದೆ. ಚರ್ಮಕ್ಕೆ ಚರ್ಮ ಕೂಡುವುದಿಲ್ಲ. ನಿಮ್ಮ ಎರಡು ಬೆರಳನ್ನು ಒತ್ತಿ ಕಟ್ಟಿ ವಾರ ಬಿಟ್ಟರೂ ಒಂದಾಗುತ್ತವೆಯೇ? ಅಂಚನ್ನು ಕೆತ್ತಿ ಹಸಿ ಮಾಡಿ, ರಕ್ತ ಕಂಡ ಮೇಲೆ ಹೊಲಿದರೆ ಮಾತ್ರ ಕೂಡುತ್ತದೆ. ಸುಶ್ರುತ ಸಂಹಿತೆಯೂ ಹೊಲಿಯುವ ಮೊದಲು ಕೊಯ್ದು ಕೆರೆದು ರಕ್ತ ನೋಡಲು ಹೇಳುತ್ತದೆ. ಆಸಿಡ್ ಆ ಚರ್ಮವನ್ನು ಸುಟ್ಟು ಹಸಿ ಮಾಡುತ್ತದೆ ನಿಜ, ಆದರೆ ತಿಳಿಯದವರ ಕೈಯಲ್ಲಿ ಎಷ್ಟು ಸುಡುತ್ತದೆ ಎಂಬುದಕ್ಕೆ ಲೆಕ್ಕವಿಲ್ಲ.

ವೈದ್ಯರ ಬಳಿ ಇದು ಕಿವಿಗೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮಾಡುವ ಚಿಕ್ಕ ಕೆಲಸ, ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಸಕ್ಕರೆ ಕಾಯಿಲೆ ಇದ್ದರೆ, ಹಿಂದೆ ಗಾಯವಾದಾಗ ಕಲೆ ಗಂಟಿನಂತೆ ಉಬ್ಬಿದ್ದರೆ ಮೊದಲೇ ಹೇಳಿಬಿಡಿ. ಗಂಟು ಬೆಳೆಯುವ ಮೈಯವರಿಗೆ ಹೊಲಿಗೆಯ ಮೇಲೂ ಅದು ಬರಬಹುದು. ಹೊಲಿಗೆ ಬಿಚ್ಚಿದ ಮೇಲೆ ಮತ್ತೆ ಚುಚ್ಚಿಸಲು ಮೂರು ತಿಂಗಳಾದರೂ ಕಾಯಬೇಕು. ಚುಚ್ಚಿಸುವಾಗ ಹೊಲಿದ ಗೆರೆಯ ಮೇಲೆ ಬೇಡ, ಪಕ್ಕಕ್ಕೆ ಜರುಗಿಸಲು ಹೇಳಿ. ಆಮೇಲೂ ಭಾರದ ಜುಮುಕಿಗೆ ಮಾಟಿ ಇರಲಿ, ಮಲಗುವಾಗ ಬಿಚ್ಚಿಡಿ, ಕೂಸನ್ನು ಎತ್ತಿಕೊಳ್ಳುವವರು ಉದ್ದದ ಓಲೆ ಹಾಕಬೇಡಿ.